ನಮ್ಮನ್ನು ನಾವೇ ಪರಿಚಯಿಸಿಕೊಳ್ಳುವಾಗ

ಕಳೆದ ಮಳೆಗಾಲದ ಒಂದು ಸಂಜೆ. ಕಲ್ಯಾಣಪುರದ ನಮ್ಮ ಮನೆಯ ಚಾವಡಿಯಲ್ಲಿ ತಂಗಿಯ ಮಗಳು ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡು ಬಹಳ ಹೊತ್ತಿನಿಂದ ಸುಮ್ಮನೆ ಕುಳಿತಿದ್ದಳು. ಆಕೆ ಬಿ.ಕಾಂ. ಮುಗಿಸಿ ಎರಡು ವರ್ಷ ಕಳೆದಿದೆ. ಲೆಕ್ಕಪತ್ರದ ಕೆಲಸಕ್ಕಾಗಿ ಮಣಿಪಾಲ, ಮಂಗಳೂರು, ಬೆಂಗಳೂರು ಎಂದು ಅರ್ಜಿ ಹಾಕುತ್ತಲೇ ಇದ್ದಾಳೆ. ಈಗ ಬರೀ ಬಯೋಡೇಟಾ ಸಾಲದು, ಅಂತರ್ಜಾಲದಲ್ಲಿ ನಿನ್ನದೇ ಒಂದು ಪುಟ ಇರಬೇಕು, ನೀನು ಮಾಡಿದ ಕೆಲಸವನ್ನು ಅಲ್ಲಿ ತೋರಿಸಬೇಕು ಎಂದು ಗೆಳತಿಯರು ಹೇಳಿದ್ದಾರೆ. ಹೆಸರು, ಊರು, ಓದು ಎಲ್ಲವನ್ನೂ ಸಲೀಸಾಗಿ ತುಂಬಿಸಿದ ಹುಡುಗಿ 'ನಿಮ್ಮ ಬಗ್ಗೆ ಬರೆಯಿರಿ' ಎಂಬ ಖಾಲಿ ಚೌಕದ ಮುಂದೆ ನಿಂತುಬಿಟ್ಟಿದ್ದಳು.

"ಮಾಮು, ನನ್ನ ಬಗ್ಗೆ ನಾನೇ ಒಳ್ಳೆಯದು ಬರೆದುಕೊಳ್ಳುವುದು ಸರಿಯಾ? ಚಿಕ್ಕಂದಿನಿಂದ ನಾನಿ ಹೇಳಿಕೊಟ್ಟದ್ದು ಬೇರೆಯೇ ಅಲ್ವಾ?" ಎಂದು ಕೇಳಿದಳು.

ನಾನಿ ಎಂದರೆ ನನ್ನ ತಾಯಿ. ಯಾರಾದರೂ ತಮ್ಮನ್ನು ತಾವೇ ಹೊಗಳಿಕೊಂಡರೆ ಅವರು ಮೆಲ್ಲನೆ ಎದ್ದು ಅಡುಗೆಮನೆಗೆ ಹೋಗಿಬಿಡುವವರು. ತುಂಬಿದ ಕೊಡ ತುಳುಕುವುದಿಲ್ಲ ಎಂಬ ಗಾದೆಯನ್ನು ನಮಗೆಲ್ಲ ಬಾಯಿಪಾಠ ಮಾಡಿಸಿದವರು. ಅವರ ಕೈಯಲ್ಲಿ ಬೆಳೆದ ಹುಡುಗಿಗೆ ಈಗ ಕೊಡವನ್ನು ತುಳುಕಿಸಿ ತೋರಿಸಬೇಕಾಗಿದೆ. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಸಣ್ಣ ಪ್ರಶ್ನೆಯಂತೆ ಕಂಡದ್ದು ನಿಜಕ್ಕೂ ಸಣ್ಣದಲ್ಲ. ನಮ್ಮ ಮಕ್ಕಳು ಇಂದು ಮನೆಯಲ್ಲಿ ಕಲಿತ ಶೀಲಕ್ಕೂ ಮಾರುಕಟ್ಟೆ ಕೇಳುವ ಗುಣಕ್ಕೂ ನಡುವೆ ಸಿಕ್ಕಿಕೊಂಡಿದ್ದಾರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಅವರಿಗೆ ಹೇಳಿಕೊಡುವ ಹೊಣೆ ನಮ್ಮದಲ್ಲವೇ?

ಗುರುತಿನವರ ಕಾಲ

ಹಿಂದೆ ನಮ್ಮ ಕರಾವಳಿಯಲ್ಲಿ ಕೆಲಸ ಸಿಗುತ್ತಿದ್ದ ರೀತಿಯೇ ಬೇರೆ. ಮುಂಬಯಿಯ ಹೋಟೆಲಿಗೆ ಹೋಗುವ ಹುಡುಗನಾಗಲಿ, ಕೊಲ್ಲಿ ರಾಷ್ಟ್ರಕ್ಕೆ ಹೊರಟ ಯುವಕನಾಗಲಿ ತನ್ನ ಬಗ್ಗೆ ತಾನು ಏನನ್ನೂ ಬರೆದುಕೊಳ್ಳಬೇಕಾಗಿರಲಿಲ್ಲ. ಅಲ್ಲಿ ಮೊದಲೇ ನೆಲೆ ನಿಂತ ಊರಿನವರೊಬ್ಬರು 'ಇವನು ಇಂಥವರ ಮಗ, ಒಳ್ಳೆಯ ಹುಡುಗ' ಎಂದರೆ ಸಾಕಿತ್ತು. ಬೇರೊಬ್ಬರ ಬಾಯಿಂದ ಬಂದ ಮಾತು ಅದಾದುದರಿಂದ ಆತ್ಮಪ್ರಶಂಸೆಯ ಪ್ರಶ್ನೆಯೇ ಏಳುತ್ತಿರಲಿಲ್ಲ.

ಇಲ್ಲಿನ ಬ್ಯಾಂಕುಗಳ ಚರಿತ್ರೆಯೂ ಇಂಥ ಗುರುತಿನ, ನಂಬಿಕೆಯ ಚರಿತ್ರೆಯೇ. ಹಾಜಿ ಅಬ್ದುಲ್ಲಾ ಹಾಜಿ ಕಾಸಿಂ ಸಾಹೇಬರು 1906ರಲ್ಲಿ ಉಡುಪಿಯಲ್ಲಿ ಆರಂಭಿಸಿದ ಸಂಸ್ಥೆಯೇ ಮುಂದೆ ಕಾರ್ಪೊರೇಶನ್ ಬ್ಯಾಂಕ್ ಆಗಿ ಬೆಳೆಯಿತು. ಆರಂಭದ ಬಂಡವಾಳ ಐದು ಸಾವಿರ ರೂಪಾಯಿ. 1925ರಲ್ಲಿ ಉಪೇಂದ್ರ ಅನಂತ ಪೈ, ವಾಮನ ಶ್ರೀನಿವಾಸ ಕುಡ್ವ ಮತ್ತು ಡಾ. ಟಿ.ಎಂ.ಎ. ಪೈ ಅವರು ಅದೇ ಉಡುಪಿಯಲ್ಲಿ ಸ್ಥಾಪಿಸಿದ ಸಂಸ್ಥೆ ಸಿಂಡಿಕೇಟ್ ಬ್ಯಾಂಕ್ ಆಯಿತು. 1928ರಲ್ಲಿ ಅದು ಆರಂಭಿಸಿದ ಪಿಗ್ಮಿ ಯೋಜನೆಯಲ್ಲಿ ಏಜೆಂಟರು ಮನೆಮನೆಗೆ ಹೋಗಿ ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಸಂಗ್ರಹಿಸುತ್ತಿದ್ದರು. ಎರಡೂ ಬ್ಯಾಂಕುಗಳು 2020ರ ಎಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. ಹೆಸರು ಅಳಿದರೂ ಅವು ಕಲಿಸಿದ ಪಾಠ ಉಳಿದಿದೆ. ಜನರು ತಮ್ಮ ಎರಡಾಣೆಯನ್ನು ಏಜೆಂಟನ ಕೈಗೆ ಕೊಟ್ಟದ್ದು ಆತನ ಮಾತಿನ ಚೆಂದ ನೋಡಿ ಅಲ್ಲ. ನಿನ್ನೆ ಬಂದವನು ಇಂದೂ ಬಂದ, ನಿನ್ನೆ ಕೊಟ್ಟದ್ದನ್ನು ಪುಸ್ತಕದಲ್ಲಿ ಸರಿಯಾಗಿ ಬರೆದ ಎಂಬ ಕಾರಣಕ್ಕೆ.

ಹಾಗೆಂದು ಆ ಕಾಲವನ್ನು ಹಾಡಿ ಹೊಗಳಬೇಕಾಗಿಲ್ಲ. ಗುರುತಿನವರ ಮಾತಿನಿಂದ ಕೆಲಸ ಸಿಗುವ ಜಗತ್ತಿನಲ್ಲಿ ಗುರುತಿನವರೇ ಇಲ್ಲದವರ ಪಾಡೇನು? ಮುಂಬಯಿಯಲ್ಲಿ ಬಂಧುಗಳಿಲ್ಲದ ಬಡವನ ಮಗನ ಪರವಾಗಿ ಮಾತಾಡುವವರು ಯಾರು? ಜಾತಿಯ ಬಾಗಿಲು ದಾಟಲಾಗದವನನ್ನು ಯಾರು ಶಿಫಾರಸು ಮಾಡುತ್ತಿದ್ದರು? ಮನೆಯ ಹೊಸ್ತಿಲು ದಾಟದ ಹೆಣ್ಣುಮಗಳ ಜಾಣ್ಮೆ ಯಾರ ಕಿವಿಗೆ ಬೀಳುತ್ತಿತ್ತು? ನಮ್ಮ ತಾಯಂದಿರ ತಲೆಮಾರಿನಲ್ಲಿ ಎಷ್ಟೋ ಮಂದಿ ಲೆಕ್ಕದಲ್ಲಿ ಗಂಡಸರನ್ನು ಮೀರಿಸುವವರಿದ್ದರು. ಅವರ ಹೆಸರು ಯಾವ ಹಾಜರಿ ಪುಸ್ತಕದಲ್ಲೂ ಇಲ್ಲ.

ಈ ದೃಷ್ಟಿಯಿಂದ ನೋಡಿದರೆ ಅಂತರ್ಜಾಲದ ಪುಟ ಒಂದು ರೀತಿಯ ನ್ಯಾಯವನ್ನೇ ತಂದಿದೆ. ಉದ್ಯೋಗಾಕಾಂಕ್ಷಿಗಳನ್ನೂ ಉದ್ಯೋಗದಾತರನ್ನೂ ಬೆಸೆಯುವ ಲಿಂಕ್ಡ್‌ಇನ್ 2003ರಲ್ಲಿ ಆರಂಭವಾಯಿತು. ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ತಮ್ಮ ಕೆಲಸವನ್ನು ನಾಲ್ವರ ಮುಂದಿಡುವ ಗಿಟ್‌ಹಬ್ 2008ರಲ್ಲಿ ಬಂತು. ಚಿತ್ರಕಾರರಿಗೆ, ವಿನ್ಯಾಸಕಾರರಿಗೆ ಬಿಹ್ಯಾನ್ಸ್‌ನಂಥ ತಾಣಗಳಿವೆ. ಸಂತೆಕಟ್ಟೆಯ ಓಣಿಯಲ್ಲಿ ಕುಳಿತ ಹುಡುಗಿಯೂ ತನ್ನ ಕೆಲಸದ ಮಾದರಿಯನ್ನು ದುಬೈಯಲ್ಲಿರುವವರ ಮುಂದೆ ಇಡಬಹುದು. ನಡುವೆ ಯಾವ ದೊಡ್ಡಪ್ಪನ ಶಿಫಾರಸೂ ಬೇಕಾಗಿಲ್ಲ. ಆದರೆ ಶಿಫಾರಸು ಮಾಡುವವರು ಇಲ್ಲದ ಮೇಲೆ ಆ ಮಾತನ್ನು ನಾವೇ ಆಡಬೇಕಾಯಿತು. ಹುಡುಗಿಯ ಪ್ರಶ್ನೆ ಹುಟ್ಟಿದ್ದು ಇಲ್ಲಿ.

ಹೊಗಳಿಕೆಯೋ, ಸಾಕ್ಷ್ಯವೋ?

ಆತ್ಮಪ್ರಶಂಸೆಯನ್ನು ಮೆಚ್ಚಿದ ಪರಂಪರೆ ನಮ್ಮಲ್ಲಿ ಯಾವುದೂ ಇಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಅರ್ಜುನನು ಅಣ್ಣನನ್ನು ನಿಂದಿಸಿದ ಪಶ್ಚಾತ್ತಾಪದಿಂದ ಪ್ರಾಣ ಬಿಡಲು ಹೊರಟಾಗ, ನಿನ್ನನ್ನು ನೀನೇ ಹೊಗಳಿಕೋ, ಅದೇ ಆತ್ಮಹತ್ಯೆಗೆ ಸಮ ಎಂದು ಕೃಷ್ಣ ದಾರಿ ತೋರಿಸುತ್ತಾನೆ. ಬಸವಣ್ಣನವರು ಕಳವು, ಕೊಲೆ, ಸುಳ್ಳುಗಳನ್ನು ಬೇಡವೆಂದ ಸಾಲಿನಲ್ಲೇ ತನ್ನನ್ನು ತಾನು ಬಣ್ಣಿಸಿಕೊಳ್ಳುವುದನ್ನೂ ಬೇಡವೆಂದರು. ನಿಮ್ಮ ಪರಿಶುದ್ಧಿಯನ್ನು ನೀವೇ ಸಾರಿಕೊಳ್ಳಬೇಡಿ, ಯಾರು ನಿಜವಾದ ಭಕ್ತರೆಂಬುದನ್ನು ದೇವನು ಬಲ್ಲ ಎಂಬ ಆಶಯ ಕುರ್‌ಆನಿನಲ್ಲಿದೆ.

ಆದರೆ ಅದೇ ಕುರ್‌ಆನ್ ಪ್ರವಾದಿ ಯೂಸುಫರ ಕಥೆಯನ್ನೂ ಹೇಳುತ್ತದೆ. ಮುಂದೆ ಏಳು ವರ್ಷಗಳ ಕ್ಷಾಮ ಬರಲಿದೆಯೆಂದು ತಿಳಿದಾಗ ಸೆರೆಮನೆಯಿಂದ ಹೊರಬಂದ ಯೂಸುಫರು ಈಜಿಪ್ಟಿನ ಅರಸನ ಮುಂದೆ ನಿಂತು, ನಾಡಿನ ಭಂಡಾರಗಳ ಹೊಣೆಯನ್ನು ನನಗೆ ಕೊಡಿ, ನಾನು ಅವುಗಳನ್ನು ಕಾಯಬಲ್ಲೆ, ಅದರ ಅರಿವೂ ನನಗಿದೆ ಎಂದು ತಾವಾಗಿಯೇ ಕೇಳುತ್ತಾರೆ. ಬೈಬಲಿನಲ್ಲಿ ಯೋಸೇಫನು ಒಬ್ಬ ವಿವೇಕಿಯನ್ನು ನೇಮಿಸಬೇಕೆಂದು ಸಲಹೆ ಮಾತ್ರ ಕೊಡುತ್ತಾನೆ. ಆತನನ್ನೇ ಆರಿಸುವುದು ಫರೋಹ. ಒಂದೇ ಪ್ರಸಂಗದ ಈ ಎರಡು ನಿರೂಪಣೆಗಳನ್ನು ಜೊತೆಗಿಟ್ಟು ನೋಡಿದರೆ ನಮ್ಮ ಪ್ರಶ್ನೆಯೇ ಎದುರು ನಿಲ್ಲುತ್ತದೆ. ಯೋಗ್ಯನಾದವನು ಕರೆ ಬರುವವರೆಗೆ ಕಾಯಬೇಕೇ ಅಥವಾ ಮುಂದೆ ಬಂದು ಹೇಳಬೇಕೇ?

ಯೂಸುಫರ ಮಾತಿನಲ್ಲಿ ಏನಿದೆ, ಏನಿಲ್ಲ ಎಂಬುದನ್ನು ಗಮನಿಸೋಣ. ಅವರು ತಮ್ಮ ವಂಶದ ಹಿರಿಮೆಯನ್ನು ಹೇಳಲಿಲ್ಲ. ಲೋಕವೇ ಮೆಚ್ಚಿದ ರೂಪವನ್ನು ಹೇಳಲಿಲ್ಲ. ನಿನ್ನ ಆಸ್ಥಾನದ ಉಳಿದವರಿಗಿಂತ ನಾನು ಮೇಲು ಎನ್ನಲಿಲ್ಲ. ಆ ಕೆಲಸಕ್ಕೆ ಬೇಕಾದ ಎರಡೇ ಗುಣಗಳನ್ನು ಹೇಳಿದರು. ಎದುರಿಗೆ ಹಸಿವಿನ ಭಯವಿತ್ತು, ಧಾನ್ಯ ಕಾಯುವವನು ಬೇಕಾಗಿದ್ದ. ಅಂಥ ಹೊತ್ತಿನಲ್ಲಿ ಬಲ್ಲವನು ಸುಮ್ಮನಿದ್ದರೆ ಅದನ್ನು ವಿನಯವೆನ್ನಲಾಗದು. ಜೊತೆಗೆ, ಹೇಳಿದ ಮಾತಿಗೆ ಅವರು ತಮ್ಮನ್ನೇ ಅಡವಿಟ್ಟರು. ಭಂಡಾರ ಬರಿದಾಗಿದ್ದರೆ ಉತ್ತರಿಸಬೇಕಾದವರು ಅವರೇ.

ಹೊಗಳಿಕೆಗೂ ಸಾಕ್ಷ್ಯಕ್ಕೂ ಇರುವ ಅಂತರ ಇದೇ ಎಂದು ನನಗೆ ತೋರುತ್ತದೆ. ಹೊಗಳಿಕೊಳ್ಳುವವನಿಗೆ ಕೇಳುವವರ ಮೆಚ್ಚುಗೆ ಬೇಕು. ಸಾಕ್ಷ್ಯ ಹೇಳುವವನು ಕೇಳುವವರಿಗೆ ತೀರ್ಮಾನಕ್ಕೆ ಬೇಕಾದುದನ್ನು ಕೊಡುತ್ತಾನೆ. ಹೊಗಳಿಕೆಗೆ ಹೋಲಿಕೆ ಬೇಕು, ಸಾಕ್ಷ್ಯಕ್ಕೆ ಪರೀಕ್ಷೆ ಸಾಕು. 'ನಾನು ಅತ್ಯುತ್ತಮ ಲೆಕ್ಕಿಗಳು' ಎಂಬ ಮಾತನ್ನು ಯಾರೂ ಪರೀಕ್ಷಿಸಲಾರರು. 'ಒಂದು ಜಿನಸಿನ ಅಂಗಡಿಯ ಲೆಕ್ಕವನ್ನು ಎರಡು ವರ್ಷ ಬರೆದಿದ್ದೇನೆ, ಬರೆಯುವ ರೀತಿ ಇಲ್ಲಿದೆ, ನೋಡಿ' ಎಂಬ ಮಾತನ್ನು ಯಾರು ಬೇಕಾದರೂ ಪರೀಕ್ಷಿಸಬಹುದು.

ತೋರಿಸಿದ್ದು ಮತ್ತು ಅಡಗಿಸಿದ್ದು

ಆ ಸಂಜೆ ಆಕೆ ಬರೆದ ಮೊದಲ ಕರಡನ್ನು ನಾವಿಬ್ಬರೂ ಕುಳಿತು ಓದಿದೆವು. ಅದರ ಭಾಷೆ ಆಕೆಯದಾಗಿರಲಿಲ್ಲ. ಈಗ ಕೇಳಿದ್ದನ್ನು ಕ್ಷಣದಲ್ಲಿ ಬರೆದುಕೊಡುವ ಕೃತಕ ಬುದ್ಧಿಮತ್ತೆಯ ಯಂತ್ರಗಳು ಬಂದಿವೆ. 2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಅದು ಹಳ್ಳಿಯ ಮಕ್ಕಳ ಕೈಗೂ ಸಿಕ್ಕಿದೆ. ಉತ್ಸಾಹಿ, ಕ್ರಿಯಾಶೀಲೆ, ಫಲಿತಾಂಶದತ್ತ ಗಮನವುಳ್ಳವಳು ಎಂದೆಲ್ಲ ಇಂಗ್ಲಿಷಿನಲ್ಲಿ ಸೊಗಸಾಗಿ ಬರೆಯಲಾಗಿತ್ತು. ಆಕೆಯ ಹೆಸರು ತೆಗೆದು ನನ್ನ ಹೆಸರು ಹಾಕಿದರೂ ನಡೆಯುತ್ತಿತ್ತು, ನಮ್ಮ ಪಕ್ಕದ ಮನೆಯವರ ಹೆಸರು ಹಾಕಿದರೂ ನಡೆಯುತ್ತಿತ್ತು.

ಯಂತ್ರದ ಸಹಾಯ ಪಡೆಯುವುದೇ ತಪ್ಪೆಂದು ನಾನು ಹೇಳಲಾರೆ. ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಇಂಗ್ಲಿಷ್ ಒಂದು ಗೋಡೆ. ಕೆಲಸ ಬಲ್ಲವರನ್ನು ಭಾಷೆಯ ಕಾರಣಕ್ಕೆ ಹೊರಗಿಡುವ ಜಗತ್ತಿನಲ್ಲಿ ಆ ಗೋಡೆಗೆ ಏಣಿ ಇಟ್ಟುಕೊಳ್ಳುವುದು ಅಪರಾಧವಲ್ಲ. ಆದರೆ ಏಣಿ ನಮ್ಮನ್ನು ಹತ್ತಿಸಬೇಕು, ನಮ್ಮ ಬದಲಿಗೆ ಬೇರೆ ಯಾರನ್ನೋ ಅಲ್ಲ. ನಾನು ಆಕೆಗೆ ಹೇಳಿದೆ: "ಮೊದಲು ಕನ್ನಡದಲ್ಲಿ ಬರಿ. ನೀನು ಬಾಯಿಬಿಟ್ಟು ವಿವರಿಸಲಾಗದ ಒಂದು ಮಾತೂ ಅದರಲ್ಲಿ ಇರಬಾರದು. ಆಮೇಲೆ ಬೇಕಾದರೆ ಇಂಗ್ಲಿಷ್ ಮಾಡು."

ಎರಡನೆಯ ತೊಡಕು 'ನಾನು' ಎಂಬ ಪದದಲ್ಲಿತ್ತು. ಕಾಲೇಜಿನಲ್ಲಿ ಐವರು ಸೇರಿ ಮಾಡಿದ ಒಂದು ಅಧ್ಯಯನ ವರದಿಯನ್ನು ಆಕೆ ತಾನೇ ಮಾಡಿದಂತೆ ಬರೆದಿದ್ದಳು. ಎಲ್ಲರೂ ಹಾಗೆಯೇ ಬರೆಯುತ್ತಾರಂತೆ. ಉಳಿದ ನಾಲ್ವರೂ ತಮ್ಮ ತಮ್ಮ ಪುಟದಲ್ಲಿ ಹಾಗೆಯೇ ಬರೆದರೆ ಒಂದು ವರದಿಗೆ ಐದು ಮಂದಿ ಒಡೆಯರಾಗುತ್ತಾರೆ, ಜೊತೆಗಾರರು ಮಾತ್ರ ಯಾರೂ ಇರುವುದಿಲ್ಲ. ಈ ಪುಟವನ್ನು ಆ ನಾಲ್ವರನ್ನು ಮುಂದೆ ಕೂರಿಸಿಕೊಂಡು ಗಟ್ಟಿಯಾಗಿ ಓದಬಲ್ಲೆಯಾ ಎಂದು ಕೇಳಿದೆ. ಸ್ವಲ್ಪ ಹೊತ್ತು ಯೋಚಿಸಿ, 'ಐವರ ತಂಡ. ಅಂಕಿಅಂಶಗಳ ಪಟ್ಟಿ ನನ್ನದು' ಎಂದು ತಿದ್ದಿದಳು. ಓದುವವರಿಗೂ ಇದರಿಂದ ಲಾಭವೇ. ಆಕೆಗೆ ಏನು ಬರುತ್ತದೆಂದು ಈಗ ಸ್ಪಷ್ಟವಾಗಿ ತಿಳಿಯುತ್ತದೆ.

ಮೂರನೆಯದು ನನ್ನನ್ನು ಅಚ್ಚರಿಗೊಳಿಸಿತು. ಆಕೆ ಮಾಡಿದ ನಿಜವಾದ ಕೆಲಸವೇ ಪುಟದಲ್ಲಿರಲಿಲ್ಲ! ಅವಳ ತಂದೆಗೆ ಹೆದ್ದಾರಿಯ ಬದಿಯಲ್ಲೊಂದು ಜಿನಸಿನ ಅಂಗಡಿಯಿದೆ. ಎರಡು ವರ್ಷಗಳಿಂದ ಅದರ ಖರೀದಿ, ಮಾರಾಟ, ದಾಸ್ತಾನು, ಜಿಎಸ್‌ಟಿ ಎಲ್ಲವನ್ನೂ ಟ್ಯಾಲಿಯಲ್ಲಿ ಬರೆಯುತ್ತಿರುವವಳು ಈಕೆಯೇ. "ಅದನ್ನೇಕೆ ಬಿಟ್ಟೆ?" ಎಂದರೆ, "ಅದು ಮನೆಯ ಅಂಗಡಿ ಮಾಮು, ಅನುಭವ ಅಂತ ಹೇಗೆ ಹೇಳುವುದು?" ಎಂದಳು. ಮಾಡದ್ದನ್ನು ಹೇಳಿಕೊಳ್ಳಲು ಹಿಂಜರಿಯದ ಕರಡು, ಮಾಡಿದ್ದನ್ನು ಹೇಳಲು ನಾಚಿಕೊಂಡಿತ್ತು.

ಇದು ನಮ್ಮ ಮನೆಯ ಮಾತು ಮಾತ್ರವಲ್ಲ. ಕೆಲಸ ಕೇಳುವ ಪತ್ರಗಳಲ್ಲಿ ಜಗತ್ಪ್ರಸಿದ್ಧವಾದದ್ದು ಲಿಯೊನಾರ್ಡೊ ಡ ವಿಂಚಿ ಸುಮಾರು 1482ರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾನಿಗೆ ಬರೆದದ್ದು. ಹಗುರ ಸೇತುವೆ ಕಟ್ಟಬಲ್ಲೆ, ಕೋಟೆ ಮುರಿಯಬಲ್ಲೆ, ಯುದ್ಧಯಂತ್ರ ಮಾಡಬಲ್ಲೆ ಎಂದು ಅದರಲ್ಲಿ ಒಂದೊಂದಾಗಿ ಪಟ್ಟಿ ಮಾಡಿದ್ದಾನೆ. ಹೇಳಿಕೊಂಡದ್ದೆಲ್ಲ ಅವನು ಅದಾಗಲೇ ಮಾಡಿ ತೋರಿಸಿದ್ದೇನಲ್ಲ. ಚಿತ್ರ ಬರೆಯಬಲ್ಲೆ ಎಂಬ ಮಾತು ಬರುವುದು ಪತ್ರದ ತುದಿಯಲ್ಲಿ. ಅದೇ ಲುಡೊವಿಕೊನಿಗಾಗಿ ಮುಂದೆ ಅವನು ಬರೆದ ಕೊನೆಯ ಭೋಜನದ ಚಿತ್ರವನ್ನು ಜಗತ್ತು ಇಂದಿಗೂ ನೋಡುತ್ತಿದೆ. ಪತ್ರದ ಯುದ್ಧಯಂತ್ರಗಳಿಗಾಗಿ ಅವನನ್ನು ನೆನೆಯುವವರು ಎಷ್ಟು ಮಂದಿ? ಅಂಥ ಪ್ರತಿಭಾವಂತನೂ ಪೇಟೆ ಕೇಳಿದ್ದನ್ನು ಮುಂದಿಟ್ಟು ತನ್ನದಾದುದನ್ನು ಹಿಂದಿಟ್ಟನೆಂದರೆ ನಮ್ಮ ಮಕ್ಕಳನ್ನು ದೂರುವುದು ಹೇಗೆ?

ಪರರ ಅಮಾನತ್ತು

ಅಂಗಡಿಯ ಕೆಲಸವನ್ನು ಸೇರಿಸಲು ಒಪ್ಪಿದ ಮರುದಿನವೇ ಆಕೆ ಲೆಕ್ಕದ ಪುಟಗಳ ಚಿತ್ರ ತೆಗೆದು ಹಾಕಿದ್ದಳು. ಅಚ್ಚುಕಟ್ಟಾಗಿತ್ತು. ಆದರೆ ಅದರಲ್ಲಿ ಬರೆಸಿ ಒಯ್ಯುವ ಗಿರಾಕಿಗಳ ಹೆಸರು, ಯಾರು ಎಷ್ಟು ಬಾಕಿ, ಎಷ್ಟು ತಿಂಗಳಿಂದ ಬಾಕಿ ಎಂಬುದೆಲ್ಲ ಇತ್ತು! ಊರಿನ ಒಂದು ಜಿನಸಿನ ಅಂಗಡಿಯ ಸಾಲದ ಪುಸ್ತಕವೆಂದರೆ ಊರಿನ ಮಾನವೇ ಅದರಲ್ಲಿದೆ. ಮಗಳ ಮದುವೆಯ ತಿಂಗಳಲ್ಲಿ ಅಕ್ಕಿ ಬರೆಸಿದವರು, ಮೀನುಗಾರಿಕೆ ನಿಂತ ಮಳೆಗಾಲದಲ್ಲಿ ಎಣ್ಣೆ ಬರೆಸಿದವರು ಅಂಗಡಿಯವನ ಮೇಲೆ ನಂಬಿಕೆಯಿಟ್ಟು ಬರೆಸಿದ್ದಾರೆ. ಆ ಪುಸ್ತಕ ನಮ್ಮ ಕಪಾಟಿನಲ್ಲಿದ್ದರೂ ಒಳಗಿರುವುದು ಪರರ ಅಮಾನತ್ತು.

ವಿಷಯ ತಿಳಿದೊಡನೆ ಹುಡುಗಿ ಬೆಚ್ಚಿಬಿದ್ದು ಅದನ್ನು ಅಳಿಸಿದಳು. ಬಳಿಕ ಕಾಲ್ಪನಿಕ ಹೆಸರು, ಕಾಲ್ಪನಿಕ ಮೊತ್ತಗಳಿಂದ ಒಂದು ಮಾದರಿ ಲೆಕ್ಕ ಬರೆದು, 'ಇದು ಮಾದರಿ ಮಾತ್ರ' ಎಂದು ಮೇಲೆಯೇ ನಮೂದಿಸಿ ಹಾಕಿದಳು. ನಮ್ಮ ದೇಶದಲ್ಲಿ 2023ರಲ್ಲಿ ವೈಯಕ್ತಿಕ ಡಿಜಿಟಲ್ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದೆ. ಆದರೆ ಇಂಥ ಎಚ್ಚರ ಕಾಯ್ದೆಯ ಭಯದಿಂದ ಬರಬೇಕಾದದ್ದಲ್ಲ. ರೋಗಿಯ ಚಿತ್ರ ಹಾಕುವ ನರ್ಸಿಂಗ್ ವಿದ್ಯಾರ್ಥಿ, ತರಗತಿಯ ಮಕ್ಕಳ ಮುಖ ತೋರಿಸುವ ಶಿಕ್ಷಕಿ, ಹಳೆಯ ಕಂಪೆನಿಯ ಗುಟ್ಟನ್ನು ಮಾದರಿಯೆಂದು ಇಡುವ ಇಂಜಿನಿಯರ್ ಎಲ್ಲರಿಗೂ ಇದೇ ಮಾತು ಅನ್ವಯಿಸುತ್ತದೆ. ನಮ್ಮ ಹೆಸರು ಮೇಲೇರಲು ಬೇರೆಯವರ ಹೆಗಲನ್ನು ಅವರಿಗೆ ತಿಳಿಯದಂತೆ ಮೆಟ್ಟಿಲು ಮಾಡಿಕೊಳ್ಳಬಾರದು.

ಪ್ರವಾದಿ ಮೂಸಾರ ಕಥೆಯಲ್ಲಿ ಒಂದು ಸುಂದರ ಪ್ರಸಂಗವಿದೆ. ಮದ್‌ಯನಿನ ಬಾವಿಯ ಬಳಿ ಅವರು ಇಬ್ಬರು ಹೆಣ್ಣುಮಕ್ಕಳ ಕುರಿಗಳಿಗೆ ನೀರು ಕುಡಿಸುತ್ತಾರೆ. ಬಳಿಕ ಅವರಲ್ಲೊಬ್ಬಳು ತಂದೆಗೆ, ಇವರನ್ನು ಕೆಲಸಕ್ಕೆ ಇಟ್ಟುಕೊಳ್ಳಿ ಎನ್ನುತ್ತಾಳೆ. ಆಕೆ ಹೇಳುವ ಕಾರಣಗಳು ಎರಡು: ಶಕ್ತಿ ಮತ್ತು ವಿಶ್ವಾಸಾರ್ಹತೆ. ಮೂಸಾ ತಮ್ಮನ್ನು ತಾವು ಹೊಗಳಿಕೊಂಡಿರಲಿಲ್ಲ, ಆಕೆ ಅವರ ಕೆಲಸವನ್ನು ಕಂಡಿದ್ದಳು. ಅಂತರ್ಜಾಲದ ಪುಟ ಈ ಎರಡರಲ್ಲಿ ಮೊದಲನೆಯದನ್ನು ತೋರಿಸಬಲ್ಲುದು. ಎರಡನೆಯದನ್ನು ಹೇಳಿಕೊಂಡು ತೋರಿಸಲಾಗದು. 'ನಾನು ನಂಬಿಕಸ್ಥ' ಎಂದು ದಪ್ಪಕ್ಷರದಲ್ಲಿ ಬರೆದವನನ್ನು ಯಾರು ನಂಬುತ್ತಾರೆ? ಆದರೆ ಪುಟದಲ್ಲಿ ಏನನ್ನು ಬಿಟ್ಟಿದ್ದೇವೆ, ಯಾರ ಹೆಸರನ್ನು ಮರೆಮಾಡಿದ್ದೇವೆ, ಯಾರ ಪಾಲನ್ನು ಒಪ್ಪಿಕೊಂಡಿದ್ದೇವೆ ಎಂಬುದರಿಂದ ಬಲ್ಲವರು ಅದನ್ನು ಓದಿಕೊಳ್ಳುತ್ತಾರೆ.

ಸತ್ಯ ಹೇಳಿದವರು ಸೋತರೆ?

ಇಲ್ಲಿ ಓದುಗರು ಕೇಳಬಹುದು: ಎಲ್ಲರೂ ಹಿಗ್ಗಿಸಿ ಬರೆಯುವಾಗ ಒಬ್ಬಳು ಇದ್ದದ್ದನ್ನು ಇದ್ದಂತೆ ಬರೆದರೆ ಕೆಲಸ ಸಿಗುವುದೇ? ಈ ಪ್ರಶ್ನೆಯನ್ನು ಉಪದೇಶದಿಂದ ತಳ್ಳಿಹಾಕಬಾರದು. ಮನೆಯ ಕಂತು ಕಟ್ಟಬೇಕಾದವರಿಗೆ ಪ್ರಾಮಾಣಿಕತೆಯ ಬೆಲೆ ಎಷ್ಟೆಂದು ಗೊತ್ತಿದೆ. ಸತ್ಯ ಹೇಳಿದವರು ಕೆಲವೊಮ್ಮೆ ಸೋಲುತ್ತಾರೆ. ಅದನ್ನು ಒಪ್ಪಿಕೊಂಡೇ ಮುಂದಿನ ಮಾತು ಆಡಬೇಕು. ಎಲ್ಲರೂ ತಮ್ಮನ್ನು 'ಪರಿಣತ' ಎಂದು ಕರೆದುಕೊಂಡಾಗ ಆ ಪದ ಸವಕಲು ನಾಣ್ಯವಾಗುತ್ತದೆ, ಓದುವವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಆಗ ಉಳಿಯುವುದು ಕಣ್ಣಿಗೆ ಕಾಣುವ ಕೆಲಸ ಮಾತ್ರ. ಇನ್ನೊಂದು ಮಾತು: ಬಾರದ ಕೆಲಸವನ್ನು ಬರುತ್ತದೆಂದು ಹೇಳಿ ಪಡೆದ ಜಾಗದಲ್ಲಿ ಕೂರಬೇಕಾದ ಇನ್ನೊಬ್ಬರು ಎಲ್ಲೋ ಕಾಯುತ್ತಿರುತ್ತಾರೆ. ಆ ಮುಖ ನಮಗೆ ಕಾಣುವುದಿಲ್ಲವೆಂದ ಮಾತ್ರಕ್ಕೆ ನಷ್ಟ ಸುಳ್ಳಾಗುವುದಿಲ್ಲ.

ಆದರೆ ಸತ್ಯ ಹೇಳುವ ಹೊಣೆ ಅರ್ಜಿ ಹಾಕುವವರದು ಮಾತ್ರವೇ? ಓದುವವರಿಗೂ ಒಂದು ಧರ್ಮವಿದೆ. 2007ರಲ್ಲಿ ಸುಖದೇವ್ ಥೋರಟ್ ಮತ್ತು ಪಾಲ್ ಅಟ್ಟೆವೆಲ್ 'ಇಕನಾಮಿಕ್ ಆ್ಯಂಡ್ ಪೊಲಿಟಿಕಲ್ ವೀಕ್ಲಿ'ಯಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪತ್ರಿಕೆಗಳ ಉದ್ಯೋಗ ಜಾಹೀರಾತುಗಳಿಗೆ ಒಂದೇ ಬಗೆಯ ಅರ್ಹತೆ, ಬೇರೆ ಬೇರೆ ಹೆಸರುಗಳಿರುವ ಅರ್ಜಿಗಳನ್ನು ಅವರು ಕಳುಹಿಸಿದ್ದರು. ಮೇಲ್ಜಾತಿಯ ಹಿಂದೂ ಹೆಸರಿಗೆ ಹೋಲಿಸಿದರೆ ಸಂದರ್ಶನಕ್ಕೆ ಕರೆ ಬರುವ ಸಾಧ್ಯತೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಸುಮಾರು ಮೂರರಲ್ಲಿ ಒಂದು ಪಾಲು ಮಾತ್ರ ಇತ್ತು. 2022ರಲ್ಲಿ ಲೆಡ್‌ಬೈ ಫೌಂಡೇಶನ್ ಒಂದೇ ಅರ್ಹತೆಯ ಇಬ್ಬರು ಯುವತಿಯರ ಹೆಸರಿನಲ್ಲಿ ಒಂದು ಸಾವಿರ ಉದ್ಯೋಗಗಳಿಗೆ ಅರ್ಜಿ ಹಾಕಿ ನೋಡಿತು. ಹಿಂದೂ ಹೆಸರಿಗೆ 208 ಅನುಕೂಲಕರ ಉತ್ತರಗಳು ಬಂದರೆ ಮುಸ್ಲಿಂ ಹೆಸರಿಗೆ ಬಂದದ್ದು 103. ಇದು ಒಂದು ಸಮುದಾಯದ ಅಥವಾ ಒಂದು ದೇಶದ ರೋಗವಲ್ಲ. ಅಮೆರಿಕದಲ್ಲಿ 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬಿಳಿಯರದೆಂದು ತೋರುವ ಹೆಸರುಗಳಿಗೆ ಕರಿಯರ ಹೆಸರುಗಳಿಗಿಂತ ಅರ್ಧದಷ್ಟು ಹೆಚ್ಚು ಕರೆಗಳು ಬಂದಿದ್ದವು. ಯಂತ್ರಕ್ಕೆ ಪಕ್ಷಪಾತವಿಲ್ಲ ಎನ್ನುವಂತೆಯೂ ಇಲ್ಲ. ಅಮೆಜಾನ್ ಕಂಪೆನಿ ಅರ್ಜಿ ಆರಿಸಲು ರೂಪಿಸಿದ್ದ ತಂತ್ರಾಂಶ ಹಳೆಯ ನೇಮಕಾತಿಗಳಿಂದ ಪಾಠ ಕಲಿತು ಹೆಂಗಸರ ಅರ್ಜಿಗಳನ್ನು ಕೆಳಗೆ ತಳ್ಳುತ್ತಿತ್ತೆಂದು 2018ರಲ್ಲಿ ರಾಯ್ಟರ್ಸ್ ವರದಿ ಮಾಡಿತು. ಕಂಪೆನಿ ಅದನ್ನು ಕೈಬಿಟ್ಟಿತ್ತು.

ನಮ್ಮ ಹುಡುಗಿಗೆ ಈ ಅಂಕಿಗಳು ಗೊತ್ತಿರಲಿಲ್ಲ. ಆದರೆ ಅವು ಹೇಳುವ ಸಂಗತಿ ಗೊತ್ತಿತ್ತು. 2022ರ ಆರಂಭದಲ್ಲಿ ಉಡುಪಿಯಲ್ಲಿ ತಲೆವಸ್ತ್ರದ ವಿವಾದ ಎದ್ದಾಗ ಆಕೆ ಕಾಲೇಜಿನಲ್ಲಿದ್ದಳು. ಪುಟದಲ್ಲಿ ಭಾವಚಿತ್ರದ ಜಾಗಕ್ಕೆ ಬಂದಾಗ, "ಇದನ್ನು ಖಾಲಿ ಬಿಡಲಾ ಮಾಮು?" ಎಂದು ಕೇಳಿದಳು. ಕೆಲಸದ ಮಾದರಿ ಮೆಚ್ಚಿ ಮಾತಾಡಿದ ಒಂದು ಸಂಸ್ಥೆ ವಿಡಿಯೋ ಸಂದರ್ಶನದ ಬಳಿಕ ಉತ್ತರವನ್ನೇ ಕೊಟ್ಟಿರಲಿಲ್ಲ. ಅದಕ್ಕೆ ಸಾವಿರ ಕಾರಣಗಳಿರಬಹುದು. ಆಕೆಗಿಂತ ಚೆನ್ನಾಗಿ ಉತ್ತರಿಸಿದವರು ಸಿಕ್ಕಿರಬಹುದು. ಆದರೆ ಕಾರಣ ಇದೇ ಎಂದು ಹೇಳಲೂ ಆಗದೆ, ಇದಲ್ಲ ಎಂದು ನಂಬಲೂ ಆಗದೆ ಒಂದು ಎಳೆಯ ಮನಸ್ಸು ರಾತ್ರಿಯೆಲ್ಲ ಹೊರಳಾಡುತ್ತದಲ್ಲ, ಪಕ್ಷಪಾತ ಮಾಡುವ ದೊಡ್ಡ ಹಾನಿ ಅದೇ. ಪಕ್ಷಪಾತ ಇಲ್ಲದ ಕಡೆಯಲ್ಲೂ ಅದು ಇದ್ದಂತೆ ಕಾಡುತ್ತದೆ.

ಖಾಲಿ ಬಿಡುವುದು ಸುಳ್ಳೇ? ಅಲ್ಲವೆಂದು ನನ್ನ ಅಭಿಪ್ರಾಯ. ಲೆಕ್ಕ ಬರೆಯುವ ಕೆಲಸಕ್ಕೆ ಮುಖ ಬೇಕಾಗಿಲ್ಲ. ಕೇಳುವ ಹಕ್ಕಿಲ್ಲದ್ದನ್ನು ಹೇಳದಿರುವುದು ವಂಚನೆಯಲ್ಲ. ಮಾಡದ ಕೆಲಸವನ್ನು ಮಾಡಿದೆನೆಂದರೆ ಮಾತ್ರ ಓದುವವರಿಗೆ ಮೋಸ. ಆದರೆ ಖಾಲಿ ಬಿಡಲೇಬೇಕೆಂದೂ ನಾನು ಹೇಳಲಿಲ್ಲ. ಹೆಸರನ್ನು ಅರ್ಧ ನುಂಗಿ, ಊರನ್ನು ಮರೆಸಿ, ತಲೆಯ ಸೆರಗನ್ನು ಚಿತ್ರದಿಂದ ಕತ್ತರಿಸಿ ಒಳಗೆ ಹೋದವರು ಒಳಗೂ ಹಾಗೆಯೇ ಬದುಕಬೇಕಾಗಬಹುದು. ತೀರ್ಮಾನ ಆಕೆಗೆ ಬಿಟ್ಟದ್ದು. ಆಕೆ ಪೂರ್ಣ ಹೆಸರು ಬರೆದಳು, ತಲೆಯ ಮೇಲೆ ಸೆರಗಿದ್ದ ಚಿತ್ರವನ್ನೇ ಹಾಕಿದಳು. ಇನ್ನೊಬ್ಬ ಹುಡುಗಿ ಬೇರೆ ರೀತಿ ಮಾಡಿದರೆ ಆಕೆಯನ್ನು ನಾನು ಹೀಗಳೆಯಲಾರೆ. ಅಡಗಿಸುವವರಿಗಿಂತ, ಅಡಗಿಸುವಂತೆ ಮಾಡುವವರ ಮೇಲೆ ಹೊಣೆ ಹೆಚ್ಚು. ನೇಮಕಾತಿಯ ಕುರ್ಚಿಯಲ್ಲಿ ಕೂರುವ ಓದುಗರು ಈ ಪತ್ರಿಕೆಗೂ ಇದ್ದಾರೆ. ಹೆಸರು ನೋಡುವ ಮೊದಲು ಕೆಲಸದ ಮಾದರಿ ನೋಡುವ ಒಂದು ಸಣ್ಣ ರೂಢಿಯನ್ನು ಅವರು ಮಾಡಿಕೊಂಡರೆ, ನಮ್ಮವರಿಗೂ ಪರರಿಗೂ ಅದೇ ಅಳತೆಗೋಲನ್ನು ಬಳಸಿದರೆ, ಎಷ್ಟೋ ಮಕ್ಕಳ ನಿದ್ದೆ ಉಳಿಯುತ್ತದೆ.

ಖಾಲಿ ಉಳಿದ ವರ್ಷ

ಪುಟ ಹೆಚ್ಚುಕಡಿಮೆ ಮುಗಿದಿತ್ತು. ಆಗ ನನ್ನ ತಾಯಿ ಒಂದು ಪ್ರಶ್ನೆ ಕೇಳಿದರು. ಹುಡುಗಿ ಪದವಿ ಮುಗಿಸಿದ ವರ್ಷವೇ ಅವರು ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡಿದ್ದರು. ಹತ್ತು ತಿಂಗಳು ಅವರನ್ನು ಎತ್ತಿ ಕೂರಿಸಿ, ಮೀಯಿಸಿ, ನಡೆಸಿದವಳು ಈಕೆ. ರಾತ್ರಿ ಅಂಗಡಿಯ ಲೆಕ್ಕ, ಹಗಲು ಅಜ್ಜಿಯ ಸೇವೆ. ಆ ತಿಂಗಳುಗಳಲ್ಲಿ ಒಂದು ಅರ್ಜಿಯನ್ನೂ ಹಾಕಲಾಗಲಿಲ್ಲ. ಈ ಬಿಡುವು ಏಕೆ ಎಂದು ಸಂದರ್ಶನದಲ್ಲಿ ಕೇಳುತ್ತಾರೆಂಬ ಭಯದಿಂದ ಆಕೆ ತಾರೀಕುಗಳನ್ನು ತುಸು ಹಿಂದೆಮುಂದೆ ಮಾಡಿ ಆ ವರ್ಷವನ್ನು ಮುಚ್ಚಿಬಿಟ್ಟಿದ್ದಳು. ಪುಟವನ್ನು ನಮ್ಮ ಮನೆಮಾತಿನಲ್ಲಿ ಓದಿ ಹೇಳಿದಾಗ ತಾಯಿ ಕೇಳಿದರು: "ನನ್ನನ್ನು ನೋಡಿಕೊಂಡ ವರ್ಷ ಎಲ್ಲಿ ಹೋಯಿತು?"

ಚಾವಡಿಯಲ್ಲಿ ಯಾರೂ ಮಾತಾಡಲಿಲ್ಲ.

ಈ ಪ್ರಶ್ನೆಯ ಎರಡೂ ಬದಿಯಲ್ಲಿ ಗುಂಡಿಯಿದೆ. ಮುಚ್ಚಿಟ್ಟರೆ ಸೇವೆಯೊಂದು ನಾಚಿಕೆಯ ವಿಷಯವಾಗುತ್ತದೆ. ಹೆಚ್ಚಾಗಿ ಮುಚ್ಚಿಡಬೇಕಾಗಿ ಬರುವುದು ಹೆಣ್ಣುಮಕ್ಕಳಿಗೇ, ಏಕೆಂದರೆ ಹೆರಿಗೆ, ಮಗು, ಹಿರಿಯರ ಕಾಯಿಲೆ ಎಲ್ಲ ಅವರ ಪಾಲಿಗೇ ಬರುತ್ತವೆ. ಇನ್ನೊಂದು ಬದಿಯಲ್ಲಿ, ಅದನ್ನೂ ಒಂದು ಸರಕಾಗಿ ಮಾಡುವ ಆಸೆಯಿದೆ. ಯಂತ್ರವನ್ನು ಕೇಳಿದ್ದರೆ ಅಜ್ಜಿಯನ್ನು ಮೀಯಿಸಿದ್ದರಲ್ಲಿ 'ಸಮಯ ನಿರ್ವಹಣೆ', 'ಒತ್ತಡ ನಿಭಾಯಿಸುವ ಕೌಶಲ' ಎಲ್ಲವನ್ನೂ ಕಂಡುಹಿಡಿದು ಕೊಡುತ್ತಿತ್ತು. ಆದರೆ ಆಕೆ ಕೌಶಲ ಗಳಿಸಲೆಂದು ಅಜ್ಜಿಯ ಪಕ್ಕ ಕುಳಿತಿರಲಿಲ್ಲ. ಬದುಕಿನಲ್ಲಿ ಮಾಡಿದ್ದೆಲ್ಲವೂ ಕೌಶಲವಾಗಬೇಕಾಗಿಲ್ಲ, ಕೆಲವು ಬರೀ ಪ್ರೀತಿಯಾಗಿಯೇ ಉಳಿಯಲಿ. ಕೊನೆಗೆ ಆಕೆ ತಾರೀಕುಗಳನ್ನು ಸರಿಪಡಿಸಿ ಒಂದೇ ಸಾಲು ಸೇರಿಸಿದಳು: 'ಈ ಅವಧಿಯಲ್ಲಿ ಮನೆಯಲ್ಲಿ ಅಜ್ಜಿಯ ಆರೈಕೆ.' ವಿಶೇಷಣವಿಲ್ಲ, ವಿವರಣೆಯಿಲ್ಲ, ಕ್ಷಮೆಯಾಚನೆಯೂ ಇಲ್ಲ.

ನಮ್ಮ ಹಿರಿಯರೆಲ್ಲರಿಗೂ, ಅವರು ಯಾವ ಧರ್ಮದವರೇ ಇರಲಿ, ಮನುಷ್ಯನ ಬಗ್ಗೆ ಇನ್ನೊಂದು ಪುಸ್ತಕ ಬರೆಯಲ್ಪಡುತ್ತಿದೆ ಎಂಬ ನಂಬಿಕೆಯಿತ್ತು. ಕೆಲವರು ಅದನ್ನು ಚಿತ್ರಗುಪ್ತನ ಲೆಕ್ಕ ಎಂದರು, ನಮ್ಮ ಮನೆಗಳಲ್ಲಿ ಕರ್ಮಗಳ ಗ್ರಂಥ ಎಂದರು. ಅದರಲ್ಲಿ ನಾವು ಸೇರಿಸುವಂತಿಲ್ಲ, ಅಳಿಸುವಂತಿಲ್ಲ, ಚೆಂದದ ಚಿತ್ರ ಆರಿಸಿ ಹಾಕುವಂತಿಲ್ಲ. ಅಂತರ್ಜಾಲದ ಪುಟ ಅಂಥದ್ದಲ್ಲ, ಅದು ಆರಿಸಿ ತೋರಿಸುವ ಪುಟ. ಅದರಲ್ಲಿ ನಾವು ಪೂರ್ತಿಯಾಗಿ ಇರಲಾರೆವು, ಇರಬೇಕಾಗಿಯೂ ಇಲ್ಲ. ಆರಿಸಿದ್ದು ಸುಳ್ಳಾಗದಿದ್ದರೆ ಸಾಕು. ಮತ್ತು ಆ ಪುಟಕ್ಕೆ ಉತ್ತರ ಬಾರದ ದಿನ, ನಮ್ಮ ಬೆಲೆ ಅಷ್ಟೇ ಎಂದು ಯಾರೂ ತಿಳಿದುಕೊಳ್ಳಬಾರದು.

ಹುಡುಗಿಗೆ ಇನ್ನೂ ಕೆಲಸ ಸಿಕ್ಕಿಲ್ಲ. ಎರಡು ಕಡೆ ಸಂದರ್ಶನವಾಗಿದೆ. ಪ್ರತಿ ತಿಂಗಳು ಒಂದೊಂದು ಹೊಸ ಮಾದರಿ ಲೆಕ್ಕ ಬರೆದು ಪುಟಕ್ಕೆ ಸೇರಿಸುತ್ತಿದ್ದಾಳೆ, ಹಿಂದಿನವರು ಪಿಗ್ಮಿ ಕಟ್ಟುತ್ತಿದ್ದಂತೆ. ಅಂದು ತಿದ್ದಿದ ಪುಟವನ್ನು ಆಕೆ ಮತ್ತೊಮ್ಮೆ ಮೊದಲಿನಿಂದ ಓದಿದಾಗ ನನ್ನ ತಾಯಿ ಎದ್ದು ಅಡುಗೆಮನೆಗೆ ಹೋಗಲಿಲ್ಲ. ಕೊನೆಯವರೆಗೂ ಕೇಳಿ, ಕೋಲನ್ನು ಗೋಡೆಗೆ ಒರಗಿಸಿಟ್ಟು, "ಇಷ್ಟು ಹೇಳಬಹುದು" ಎಂದರು.